ಮಾರುತಿ ಎಂಜಿನ್ನಿಗೆ ರೆಕ್ಕೆ ಹುಡುಕುತ್ತ

ಹುಬ್ಬಳ್ಳಿ ಸ್ಟೇಶನ್ನಿನ ಪ್ಲಾಟ್‌ಫಾರ್ಮ್ 1,507 ಮೀಟರ್ ಉದ್ದ. ಅದನ್ನು ಜಗತ್ತಿನ ಅತಿ ಉದ್ದದ ಪ್ಲಾಟ್‌ಫಾರ್ಮ್ ಎನ್ನುತ್ತಾರೆ. ಬೆಂಗಳೂರು ಗಾಡಿಗೆ ಕಾಯುವ ಮಂದಿ ಅಲ್ಲಿ ಕೂತು ಗಿರ್ಮಿಟ್ ತಿನ್ನುತ್ತಾರೆ, ಇಲ್ಲವೆ ಚೀಲಕ್ಕೆ ತಲೆ ಕೊಟ್ಟು ಒರಗುತ್ತಾರೆ. ನನ್ನ ಸೋದರಳಿಯ ಎರಡನ್ನೂ ಮಾಡಲಿಲ್ಲ. ಹೆಜ್ಜೆ ಹಾಕುತ್ತ ಆ ತುದಿಯತನಕ ಹೋಗಿ, ಬೆವರು ಒರೆಸಿಕೊಳ್ಳುತ್ತ ಬಂದ.

"ಮಾಮಾ, ಸಣ್ಣ ವಿಮಾನಕ್ಕ ಮುನ್ನೂರು ನಾಲ್ಕುನೂರು ಮೀಟರ್ ಇದ್ರ ಸಾಕ್ರಿ. ಇಷ್ಟ ಜಾಗಾದಾಗ ಏರಿ, ಇಳದು, ಮತ್ತ ಏರಬಹುದು ನೋಡ್ರಿ."

ನಮ್ಮದು ಕುಂದಗೋಳ ತಾಲ್ಲೂಕಿನ ಕುಬಿಹಾಳ. ಎರಿ ಭೂಮಿ, ಹತ್ತಿ, ಮೆಣಸಿನಕಾಯಿ, ಶೇಂಗಾ, ಹೆಸರು ಬೆಳೆಯುವ ಸೀಮೆ. ಅಳಿಯ ಹುಬ್ಬಳ್ಳಿಯ ಗ್ಯಾರೇಜಿನಲ್ಲಿ ದುಡಿದು ಕೈ ಪಳಗಿಸಿಕೊಂಡವನು. ಅವನ ಹಿತ್ತಲಲ್ಲಿ ಗುಜರಿಯಿಂದ ತಂದ ಮಾರುತಿ 800ರ ಎಂಜಿನ್ನೊಂದು ಗೋಣಿತಾಟು ಹೊದ್ದು ಕೂತಿದೆ. ಮೂರು ಸಿಲಿಂಡರ್, 796 ಸಿಸಿ, ನಿಮಿಷಕ್ಕೆ 5,000 ಸುತ್ತು ತಿರುಗಿದಾಗ 37 ಅಶ್ವಶಕ್ತಿ. ಅದಕ್ಕೆ ಒಪ್ಪುವ ವಿಮಾನ ಯಾವುದು ಎಂಬುದೇ ಅವನ ತಲೆಯಲ್ಲಿ ಹೊಕ್ಕಿದ್ದ ಹುಳ. ಮನೆಯಲ್ಲಿ ವಿಮಾನ ಕಟ್ಟುವವರು ಸಾಮಾನ್ಯವಾಗಿ ಮೊದಲು ವಿಮಾನದ ನಕ್ಷೆ ಆರಿಸಿ, ಅದು ಕೇಳುವ ಎಂಜಿನ್ ಕೊಳ್ಳುತ್ತಾರೆ. ಇವನದು ತಿರುವುಮುರುವು. ಎಂಜಿನ್ ಮನೆಗೆ ಬಂದಾಗಿದೆ, ವಿಮಾನ ಬರಬೇಕು.

"ಅಣ್ಣಾ, ನೀ ಫಿಜಿಕ್ಸ್ ಕಲಿಸಿದಾಂವ. ಅವನ್ನ ಬೆಂಗಳೂರಿಗೆ ಕರಕೊಂಡ ಹೋಗಿ ಆ ಹುಳಾ ತಗಿಸಿಕೊಂಡ ಬಾ," ಎಂದು ತಂಗಿ ಕಳಿಸಿದ್ದಳು. ಹುಳ ನನ್ನ ತಲೆಗೂ ದಾಟೀತು ಎಂದು ಅವಳು ಎಣಿಸಿರಲಿಲ್ಲ.

ಗಾಡಿ ಕುಂದಗೋಳ, ಸವಣೂರು ದಾಟುವ ಹೊತ್ತಿಗೆ ಡಬ್ಬಿಯ ದೀಪಗಳೆಲ್ಲ ಆರಿದವು. ಅಳಿಯ ಮೊಬೈಲ್ ಬೆಳಕಿನಲ್ಲಿ ಹಾಳೆಯೊಂದನ್ನು ಮುಂದೆ ಹಿಡಿದ. ಎಂಜಿನ್ನಿನ ಕ್ರ್ಯಾಂಕಿಗೇ ನೇರ ಪ್ರೊಪೆಲರ್ ಬಿಗಿದರೇನಾಗುತ್ತದೆ ಎಂಬ ಲೆಕ್ಕ. ಐದೂವರೆ ಅಡಿಯ ಪ್ರೊಪೆಲರ್ 5,000 ಸುತ್ತಿನಲ್ಲಿ ತಿರುಗಿದರೆ ಅದರ ತುದಿ ಸೆಕೆಂಡಿಗೆ ಸುಮಾರು 440 ಮೀಟರ್ ಓಡುತ್ತದೆ. ಶಬ್ದದ ವೇಗವೇ 340ರ ಆಸುಪಾಸು. ತುದಿ ಶಬ್ದವನ್ನು ಹಿಂದೆ ಹಾಕಿತೆಂದರೆ ಕಿವಿ ಕಿವುಡಾಗುವಷ್ಟು ಗದ್ದಲ, ಎಳೆತ ಮಾತ್ರ ಅಷ್ಟಕ್ಕಷ್ಟೇ. ಸುತ್ತನ್ನು 2,400ಕ್ಕೆ ಇಳಿಸಿದರೆ ತುದಿಯ ಓಟ 210ರ ಹತ್ತಿರ ಬಂದು ನಿಲ್ಲುತ್ತದೆ.

"ಹಂಗಾದ್ರ ಪ್ರೊಪೆಲರ್ ಸಣ್ಣದ ಮಾಡಿದ್ರ ಆತಲ್ಲೋ?" ಎಂದೆ.

"ಸಣ್ಣದು ಓಡೂ ವಿಮಾನಕ್ಕ ನಡೀತೈತ್ರಿ. ನಮ್ಮಂಥಾ ಮೆಲ್ಲಗ ಹೋಗೂ ವಿಮಾನಕ್ಕ ದೊಡ್ಡದ ಬೇಕು."

ಹುಡುಗ ಸರಿಯಾಗಿಯೇ ಹೇಳಿದ್ದ. ಸ್ವಲ್ಪ ಗಾಳಿಯನ್ನು ರಭಸದಿಂದ ಹಿಂದೆ ತಳ್ಳುವುದಕ್ಕಿಂತ, ಬಹಳ ಗಾಳಿಯನ್ನು ಸಾವಕಾಶ ತಳ್ಳಿದರೆ ಅದೇ ಪೆಟ್ರೋಲಿನಲ್ಲಿ ಹೆಚ್ಚು ಎಳೆತ ಸಿಗುತ್ತದೆ. ವಿಮಾನದ ವೇಗ ಕಡಿಮೆಯಿದ್ದಷ್ಟೂ ಈ ವ್ಯತ್ಯಾಸ ದೊಡ್ಡದಾಗುತ್ತ ಹೋಗುತ್ತದೆ. ಆ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಕಾರಿನಲ್ಲಿ ಕೂತಾಗ ನಾನು ಎಂದೂ ಕೇಳಿಕೊಳ್ಳದ ಪ್ರಶ್ನೆ ಇದು: ಶಕ್ತಿ ಎಷ್ಟಿದೆ ಎಂಬುದು ಸರಿ, ಅದು ಎಷ್ಟು ಸುತ್ತಿಗೆ ಸಿಗುತ್ತದೆ?

ಬೆಂಗಳೂರಿನಲ್ಲಿ ಮೊದಲು ಹೋದದ್ದು ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ಕೈಗಾರಿಕಾ ಮತ್ತು ತಾಂತ್ರಿಕ ವಸ್ತುಸಂಗ್ರಹಾಲಯಕ್ಕೆ. ಅಲ್ಲಿ ರೈಟ್ ಸಹೋದರರ 1903ರ ವಿಮಾನದ ಪ್ರತಿಕೃತಿಯಿದೆ, ಮೂಲದಷ್ಟೇ ದೊಡ್ಡದು. ಶಾಲೆಯ ಮಕ್ಕಳು ಓಡಿಬಂದು ಫೋಟೋ ಹಿಡಿದು ಮುಂದೆ ಓಡುತ್ತಿದ್ದರು. ನಾವಿಬ್ಬರೂ ಕಾಲು ನೋಯುವವರೆಗೆ ಅದರ ಎದುರು ನಿಂತೆವು.

ಪಾಠದಲ್ಲಿ ನಾನು ಇದನ್ನು ವರ್ಷ ವರ್ಷ ಹೇಳಿದ್ದೇನೆ: 1903ರ ಡಿಸೆಂಬರ್ 17, ಕಿಟಿ ಹಾಕ್, ಮೊದಲ ಹಾರಾಟ 12 ಸೆಕೆಂಡು, ಆ ದಿನದ ಉದ್ದನೆಯದು 59 ಸೆಕೆಂಡು. ಎದುರಿಗೆ ನಿಂತಾಗ ಕಣ್ಣಿಗೆ ಬಿದ್ದದ್ದೇ ಬೇರೆ. ಎಂಜಿನ್ನಿನಿಂದ ಹಿಂದಿನ ಎರಡು ಪ್ರೊಪೆಲರ್‌ಗಳಿಗೆ ಸೈಕಲ್ಲಿನದೇ ಜಾತಿಯ ಚೈನು ಹೋಗಿದೆ. ಎಂಜಿನ್ ತುದಿಯ ಹಲ್ಲುಚಕ್ರ ಸಣ್ಣದು, ಪ್ರೊಪೆಲರ್ ತುದಿಯದು ದೊಡ್ಡದು. ಎಂಜಿನ್ ನಿಮಿಷಕ್ಕೆ ಸುಮಾರು ಸಾವಿರ ಸುತ್ತು ತಿರುಗಿದರೆ ಪ್ರೊಪೆಲರ್ ತಿರುಗುವುದು ಸುಮಾರು 350. ಒಂದು ಚೈನನ್ನು ನೇರವಾಗಿ, ಇನ್ನೊಂದನ್ನು ಎಂಟರ ಆಕಾರದಲ್ಲಿ ಅಡ್ಡಹಾಯಿಸಿ ಒಯ್ದಿದ್ದಾರೆ. ಎರಡು ಪ್ರೊಪೆಲರ್‌ಗಳು ಎದುರುಬದುರು ದಿಕ್ಕಿಗೆ ತಿರುಗಲಿ ಎಂದು. ಪ್ರೊಪೆಲರ್ ಒಂದೊಂದೂ ಎಂಟೂವರೆ ಅಡಿ.

"ಸುತ್ತು ಇಳಿಸೂ ರಿಡಕ್ಷನ್ನ ಐತಲ್ರಿ ಮಾಮಾ! ಮೊದಲನೇ ವಿಮಾನದಾಗ ಐತಲ್ರಿ!" ಅಳಿಯ ಕಟಕಟೆಯ ಮೇಲೆ ಬಾಗಿದ್ದು ಕಂಡು ಕಾವಲುಗಾರ ಕೆಮ್ಮಿದ.

ಆ ಎಂಜಿನ್ನಿನ ಕತೆಯೂ ಇವನ ಕತೆಯ ಹಾಗೇ ಇದೆ. ಎಂಟು ಅಶ್ವಶಕ್ತಿಯ, 180 ಪೌಂಡಿಗಿಂತ ಹೆಚ್ಚು ತೂಗದ ಎಂಜಿನ್ ಬೇಕೆಂದು ರೈಟ್ ಸಹೋದರರು ಕಾರಿನ ಎಂಜಿನ್ ಮಾಡುವವರಿಗೆಲ್ಲ ಕಾಗದ ಬರೆದರು. ಬೇಕಾದ ಹಗುರದಲ್ಲಿ ಕೊಡುವವರು ಯಾರೂ ಸಿಗಲಿಲ್ಲ. ಕೊನೆಗೆ ಅವರ ಸೈಕಲ್ ಅಂಗಡಿಯ ಮೆಕ್ಯಾನಿಕ್ ಚಾರ್ಲಿ ಟೇಲರ್ ಒಂದು ಲೇಥು, ಒಂದು ಡ್ರಿಲ್ಲು ಹಿಡಿದು ಆರು ವಾರಗಳಲ್ಲಿ ನಾಲ್ಕು ಸಿಲಿಂಡರಿನ ಎಂಜಿನ್ ಮಾಡಿಕೊಟ್ಟ. ಅದು ಕೊಟ್ಟದ್ದು 12 ಅಶ್ವಶಕ್ತಿ. ನಮ್ಮ ಹಿತ್ತಲಲ್ಲಿ ಗೋಣಿತಾಟು ಹೊದ್ದು ಕೂತದ್ದರ ಮೂರನೇ ಒಂದು ಪಾಲು ಮಾತ್ರ. ಅಷ್ಟೇ ಶಕ್ತಿಯಲ್ಲಿ ಮನುಷ್ಯ ನೆಲ ಬಿಟ್ಟ.

ಅಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಇನ್ನೊಂದು ಸಂಗತಿ. ಪೈಲಟ್ ಕೆಳರೆಕ್ಕೆಯ ಮೇಲೆ ಹೊಟ್ಟೆ ಕೆಳಗಾಗಿ ಮಲಗಬೇಕು, ನಡುವಿನಿಂದ ಎಡಕ್ಕೆ. ಎಂಜಿನ್ ಬಲಕ್ಕೆ. ಎಂಜಿನ್ನಿನ ತೂಕ ಪೈಲಟ್‌ಗಿಂತ ಜಾಸ್ತಿ. ಆ ಹೆಚ್ಚಿನ ಭಾರ ಹೊರಲೆಂದು ಅಣ್ಣತಮ್ಮಂದಿರು ಬಲರೆಕ್ಕೆಯನ್ನು ಎಡರೆಕ್ಕೆಗಿಂತ ನಾಲ್ಕು ಇಂಚು ಉದ್ದ ಮಾಡಿದರು. ನಲವತ್ತು ಅಡಿ ಉದ್ದದ ರೆಕ್ಕೆಯಲ್ಲಿ ಕಣ್ಣಿಗೆ ತಿಳಿಯದ ಅಂತರ ಅದು. ಆದರೆ ವಿಮಾನದ ಇತಿಹಾಸದ ಮೊದಲ ರೆಕ್ಕೆಯನ್ನೇ ಎಂಜಿನ್ನಿನ ತೂಕ ನೋಡಿ ಕತ್ತರಿಸಿದ್ದರು ಎನ್ನುವುದು ಆವತ್ತು ನನಗೆ ಹೊಳೆಯಿತು. ಅಳಿಯನ ತಿರುವುಮುರುವು ದಾರಿ ಹೊಸದೇನೂ ಅಲ್ಲ. ಅದೇ ಹಳೆಯ ದಾರಿ.

ಅಲ್ಲಿಂದ ಹಳೇ ಏರ್‌ಪೋರ್ಟ್ ರಸ್ತೆಯ ಬಸ್ಸು ಹಿಡಿದೆವು. ಕೋಡಿಹಳ್ಳಿಯಲ್ಲಿ ಎಡಬಲದ ಸಂದಣಿಯ ನಡುವೆ ವಿಮಾನ ಸಂಶೋಧನಾ ಸಂಸ್ಥೆ ಎನ್‌ಎಎಲ್‌ನ ಗೋಡೆ ಕಂಡಿತು. ಬಸ್ಸು ಸಿಗ್ನಲ್ಲಿಗೆ ನಿಂತಿದ್ದಷ್ಟು ಹೊತ್ತೂ ಅಳಿಯ ಆ ಗೋಡೆಯನ್ನೇ ನೋಡಿದ. ಒಳಗಿನವರು ಹಿಂದೊಮ್ಮೆ ಮಾಡಿದ ಕೆಲಸ ಅವನಿಗೆ ಗೊತ್ತಿತ್ತು. ಅಮೆರಿಕದ ಬರ್ಟ್ ರುಟಾನ್ ಮನೆಯಲ್ಲಿ ಕಟ್ಟುವವರಿಗೆಂದೇ ಬರೆದ ಲಾಂಗ್-ಈಜೀ ವಿನ್ಯಾಸವನ್ನು ಹಿಡಿದು ಎನ್‌ಎಎಲ್ ವಿಜ್ಞಾನಿಗಳು 1980ರ ದಶಕದಲ್ಲಿ ಹಗುರ ಸಂಶೋಧನಾ ವಿಮಾನವೊಂದನ್ನು ಕಟ್ಟಿ ಹಾರಿಸಿದರು. ಮೂತಿಯಲ್ಲಿ ಪುಟ್ಟ ರೆಕ್ಕೆ, ಹಿಂದೆ ದೊಡ್ಡ ರೆಕ್ಕೆ, ಬೆನ್ನಿಗೆ ತಳ್ಳುವ ಪ್ರೊಪೆಲರ್. ಫೈಬರ್ ಕೆಲಸದ ಆ ಪಳಗಿಕೆಯ ಮೇಲೆಯೇ ಮುಂದೆ ಹಂಸ ವಿಮಾನ ಬಂತು.

ರುಟಾನ್‌ನ ಕತೆಯಲ್ಲೂ ಕಾರಿನ ಎಂಜಿನ್ನಿದೆ. ಲಾಂಗ್-ಈಜೀಗಿಂತ ಮುಂಚಿನ ವೇರಿ-ಈಜೀ 1975ರಲ್ಲಿ ಮೊದಲು ಹಾರಿದ್ದು ಫೋಕ್ಸ್‌ವ್ಯಾಗನ್ ಬೀಟಲ್ ಕಾರಿನ ಜಾತಿಯ ಎಂಜಿನ್ನಿನಿಂದ. ಬೀಟಲ್ ಎಂಜಿನ್ನಿಗೆ ನೀರಿನ ರೇಡಿಯೇಟರ್ ಬೇಡ. ಪ್ರೊಪೆಲರನ್ನು ನೇರ ಕ್ರ್ಯಾಂಕಿಗೇ ಬಿಗಿಯಬಹುದು, ಅದು ಸಣ್ಣದಿದ್ದರೆ ಮಾತ್ರ. ತೆಳ್ಳಗೆ, ನುಣ್ಣಗೆ, ರಭಸದಿಂದ ಓಡುವ ವಿಮಾನಕ್ಕೆ ಸಣ್ಣ ಪ್ರೊಪೆಲರ್ ಒಪ್ಪುತ್ತದೆ. ಹೀಗಾಗಿ ಸೊನೆರಾಯ್, ಕೆಆರ್-2 ಥರದ ಚುರುಕು ವಿಮಾನಗಳೆಲ್ಲ ಫೋಕ್ಸ್‌ವ್ಯಾಗನ್ ಎಂಜಿನ್ ನೆಚ್ಚಿ ಹುಟ್ಟಿದವು. ಆದರೆ ಜನರ ಕೈಗೆ ನಕ್ಷೆ ಕೊಡುವ ಹೊತ್ತಿಗೆ ರುಟಾನ್ ಕಾರಿನ ಎಂಜಿನ್ ಬಿಟ್ಟು ಕಾಂಟಿನೆಂಟಲ್ ಕಂಪನಿಯ ವಿಮಾನದ ಎಂಜಿನ್ ಹಾಕಿದ. ಎಂಜಿನ್ ಭಾರವಾಯಿತು, ಅದಕ್ಕೆ ತಕ್ಕಂತೆ ರೆಕ್ಕೆಯನ್ನೂ ಹಿಗ್ಗಿಸಿದ. ಎಂಜಿನ್ ಬದಲಾದರೆ ವಿಮಾನವೂ ಬದಲಾಗಬೇಕು.

ಮುಂದೆ ಎಚ್‌ಎಎಲ್ ವಸ್ತುಸಂಗ್ರಹಾಲಯ. ಬಯಲಲ್ಲಿ ಮರುತ್, ಕಿರಣ್, ಕ್ಯಾನ್‌ಬೆರಾ. ಎಲ್ಲರೂ ಆ ಜೆಟ್‌ಗಳ ಸುತ್ತ ಮುತ್ತಿದ್ದರೆ ಅಳಿಯ ಹೋಗಿ ನಿಂತದ್ದು ಎಚ್‌ಟಿ-2ರ ಹತ್ತಿರ. ಜರ್ಮನಿಯಲ್ಲಿ ವಾಯುಬಲ ವಿಜ್ಞಾನಿ ಪ್ರಾಂಟ್ಲ್ ಅವರ ಶಿಷ್ಯರಾಗಿದ್ದು ಬಂದ ವಿ.ಎಂ. ಘಾಟಗೆ ಅವರ ತಂಡ ರೂಪಿಸಿದ, 1951ರ ಆಗಸ್ಟಿನಲ್ಲಿ ಮೊದಲು ಹಾರಿದ, ನಮ್ಮ ದೇಶದ ಪೈಲಟ್‌ಗಳ ಒಂದು ತಲೆಮಾರಿಗೆ ಹಾರಲು ಕಲಿಸಿದ ವಿಮಾನ ಅದು. ಅದೇ ಎಚ್‌ಎಎಲ್ 1958ರಲ್ಲಿ ಪುಷ್ಪಕ್ ಹಾರಿಸಿತು. ಮೇಲಕ್ಕೆ ರೆಕ್ಕೆ, ಉಕ್ಕಿನ ಕೊಳವೆಯ ಚೌಕಟ್ಟು, ಮೈಗೆ ಬಟ್ಟೆ, ಪಕ್ಕಪಕ್ಕ ಇಬ್ಬರು ಕೂರುವ ಜಾಗ. ದೇಶದ ಫ್ಲೈಯಿಂಗ್ ಕ್ಲಬ್ಬುಗಳಲ್ಲೆಲ್ಲ ಅದು ದುಡಿಯಿತು.

ಪುಷ್ಪಕ್‌ಗೆ ಹಾಕಿದ್ದ ಕಾಂಟಿನೆಂಟಲ್ ಎಂಜಿನ್ 3.3 ಲೀಟರಿನದು; 2,475 ಸುತ್ತಿನಲ್ಲಿ 90 ಅಶ್ವಶಕ್ತಿ. ಈ 3.3 ಎನ್ನುವ ಅಂಕಿ ಕೇಳಿ ಅಳಿಯ ಜಿಗಿದ. ಫೋರ್ಡ್ ಮಾಡೆಲ್-ಎ ಕಾರಿನ ಎಂಜಿನ್ನೂ ಅಷ್ಟೇ: 3.3 ಲೀಟರ್, 2,200 ಸುತ್ತಿನಲ್ಲಿ 40 ಅಶ್ವಶಕ್ತಿ. ಮಿನೆಸೋಟದ ಚೆರ್ರಿ ಗ್ರೋವ್ ಎಂಬ ಹಳ್ಳಿಯಲ್ಲಿ ಬರ್ನಾರ್ಡ್ ಪೀಟನ್‌ಪೋಲ್ ಎಂಬಾತ 1929ರಲ್ಲಿ ಆ ಎಂಜಿನ್ನಿಗೆಂದೇ ಕಟ್ಟಿಗೆ, ಬಟ್ಟೆಯ ವಿಮಾನ ಕಟ್ಟಿದ. ಜೋಳದ ಹೊಲಗಳ ನಡುವಿನ ಊರು, ತಾನೇ ಕಲಿತ ಮೆಕ್ಯಾನಿಕ್. ಕಾರಿನ ಎಂಜಿನ್ ವಿಮಾನಕ್ಕೆ ಬಾರದು ಎಂದಿದ್ದ ಪತ್ರಿಕೆಯ ಸಂಪಾದಕನೊಬ್ಬನ ಎದುರಿಗೇ ಅವನೂ ಗೆಳೆಯರೂ ಫೋರ್ಡ್ ಎಂಜಿನ್ನಿನ ಎರಡು ವಿಮಾನ ತಂದು ಇಳಿಸಿದರು. ಆ ಸಂಪಾದಕನೇ ಮುಂದೆ ಅದರ ನಕ್ಷೆ ಅಚ್ಚು ಹಾಕಿಸಿದ. ಏರ್ ಕ್ಯಾಂಪರ್ ಎಂಬ ಆ ವಿಮಾನವನ್ನು ಇವತ್ತಿಗೂ ಜನ ಮನೆಯಲ್ಲಿ ಕಟ್ಟುತ್ತಾರೆ. ಫೋರ್ಡಿನ ರೇಡಿಯೇಟರ್ ಪೈಲಟ್‌ನ ಮೂಗಿನ ಎದುರಿಗೇ ಎದ್ದು ನಿಂತಿರುತ್ತದೆ, ದಾರಿ ಕಾಣಬೇಕಾದರೆ ಪಕ್ಕಕ್ಕೆ ಬಾಗಬೇಕು. ಆದರೂ ಅದು ಹಾರುವುದರ ಗುಟ್ಟು ಆ ಅಂಕಿಯಲ್ಲಿದೆ. ದೊಡ್ಡ ಹೊಟ್ಟೆಯ ಎಂಜಿನ್ ನಿಧಾನವಾಗಿ ತಿರುಗಿಯೇ ದುಡಿಯುತ್ತದೆ. ಗೇರಿಲ್ಲದೆ ಆರಡಿ ಮೀರಿದ ಪ್ರೊಪೆಲರನ್ನು ನೇರ ತಿರುಗಿಸುತ್ತದೆ.

ನಮ್ಮ ಮಾರುತಿಯದು ಮುಕ್ಕಾಲು ಲೀಟರಿಗಿಂತ ತುಸು ದೊಡ್ಡ ಹೊಟ್ಟೆ. ಪೀಟನ್‌ಪೋಲ್‌ನ ಫೋರ್ಡಿಗೂ ಇದಕ್ಕೂ ಶಕ್ತಿಯಲ್ಲಿ ಮೂರೇ ಅಶ್ವಶಕ್ತಿಯ ಅಂತರ, ಸುತ್ತಿನಲ್ಲಿ ಎರಡು ಪಟ್ಟಿಗಿಂತ ಹೆಚ್ಚು.

ಇಂಥ ಚಿಕ್ಕ, ಜೋರಾಗಿ ತಿರುಗುವ ಎಂಜಿನ್ ವಿಮಾನಕ್ಕೆ ಆಗುವುದಿಲ್ಲ ಎನ್ನುವ ಹಾಗೂ ಇಲ್ಲ. ಅದನ್ನು ಕಣ್ಣಾರೆ ಕಂಡದ್ದು ಜಕ್ಕೂರಿನಲ್ಲಿ. ಬಳ್ಳಾರಿ ರಸ್ತೆಯ ಪಕ್ಕದ ಆ ಹಳೆಯ ವಿಮಾನ ಮೈದಾನದ ಬೇಲಿಯಾಚೆ ನಿಂತಿದ್ದೆವು. ಕೊಳವೆ ಮತ್ತು ಬಟ್ಟೆಯ ಪುಟ್ಟ ಮೈಕ್ರೊಲೈಟ್ ಒಂದು ಹೊಲಿಗೆ ಯಂತ್ರದ ಸದ್ದು ಮಾಡುತ್ತ ಓಡಿ, ನಾವು ಉಸಿರು ಹಿಡಿದಷ್ಟರಲ್ಲಿ ಎದ್ದುಬಿಟ್ಟಿತು. ಇಂಥವನ್ನು ಬೆಂಗಳೂರಿನಲ್ಲೇ ಮಾಡಿದವರಿದ್ದಾರೆ. ಫ್ರಾನ್ಸಿನಿಂದ ಬಂದು ಇಲ್ಲಿ ನೆಲೆ ನಿಂತ ಜೋಯೆಲ್ ಕೋಷ್ಲಾ ಕಟ್ಟಿದ ರಾಜ್ ಹಂಸ ಕಂಪನಿಯ ಎಕ್ಸ್-ಏರ್ ವಿಮಾನಗಳು ಕಿಟ್ ಆಗಿ ಬ್ರಿಟನ್ನು, ಯುರೋಪಿಗೆಲ್ಲ ಹೋಗಿ ಅಲ್ಲಿಯವರ ಗ್ಯಾರೇಜುಗಳಲ್ಲಿ ಜೋಡಣೆಯಾದವು.

ಇಂಥ ಹಗುರ ವಿಮಾನಗಳಲ್ಲಿ ಹೆಚ್ಚಾಗಿ ಕಾಣುವುದು ಆಸ್ಟ್ರಿಯಾದ ರೋಟ್ಯಾಕ್ಸ್ ಎಂಜಿನ್. ಅದರ 912 ಮಾದರಿ 1.2 ಲೀಟರಿನದು, 5,800 ಸುತ್ತಿನಲ್ಲಿ 80 ಅಶ್ವಶಕ್ತಿ, ಮೂತಿಯಲ್ಲೇ 2.27ಕ್ಕೆ ಒಂದರ ಗೇರ್. 2021ರ ಸೆಪ್ಟೆಂಬರಿನಲ್ಲಿ ಮೊದಲು ಹಾರಿದ ಎನ್‌ಎಎಲ್‌ನ ಹಂಸ-ಎನ್‌ಜಿ ವಿಮಾನಕ್ಕೂ ಅದೇ ಕುಟುಂಬದ ಎಂಜಿನ್. ಅಳಿಯ ಹಾಳೆಯಲ್ಲಿ ಅದರ ಪಕ್ಕ ಮಾರುತಿ ಜಿಪ್ಸಿಯ ಅಂಕಿ ಬರೆದ: 1.3 ಲೀಟರ್, 6,000 ಸುತ್ತು, 80 ಅಶ್ವಶಕ್ತಿ. ಕಾಗದದ ಮೇಲೆ ಅಣ್ಣತಮ್ಮಂದಿರು!

ಅಂತರವಿರುವುದು ಕಾಗದದಾಚೆ. ರೋಟ್ಯಾಕ್ಸಿನ ಪ್ರತಿ ಸಿಲಿಂಡರಿಗೂ ಎರಡೆರಡು ಪ್ಲಗ್, ಎರಡು ಪ್ರತ್ಯೇಕ ಇಗ್ನಿಷನ್. ಒಂದು ಕೈಕೊಟ್ಟರೆ ಇನ್ನೊಂದು ಎಳೆಯುತ್ತದೆ. ಕಾರಿನದಕ್ಕೆ ಒಂದೇ. ಕಾರು ಹೆದ್ದಾರಿಯಲ್ಲಿ ಓಡುವಾಗ ತನ್ನ ಶಕ್ತಿಯ ಅರ್ಧವನ್ನೂ ಬಳಸುವುದಿಲ್ಲ. ವಿಮಾನ ಏರುವಾಗ ಪೂರ್ತಿ ಕೇಳುತ್ತದೆ, ಸಾಗುವಾಗ ಗಂಟೆಗಟ್ಟಲೆ ಮುಕ್ಕಾಲು ಪಾಲು ಕೇಳುತ್ತದೆ. ಹಾಗಾಗಿ ಕಾರಿನ ರೇಡಿಯೇಟರ್ ಸಾಲದು. ಕಾರಿನ ಕ್ರ್ಯಾಂಕು ಗೇರ್‌ಬಾಕ್ಸನ್ನು ತಿರುಗಿಸಲು ಮಾಡಿದ್ದು, ಇಡೀ ವಿಮಾನವನ್ನು ಎಳೆಯುವ ಪ್ರೊಪೆಲರಿನ ಜಗ್ಗಾಟ ತಾಳಲು ಮಾಡಿದ್ದಲ್ಲ.

"ಅದನ್ನ ಬೆಲ್ಟ್ ಪುಲ್ಲಿಯ ಬೇರಿಂಗ್ ಹೊರಬೇಕ್ರಿ," ಎಂದು ಅಳಿಯ ಎರಡು ಮುಷ್ಟಿ ಒಂದರ ಮೇಲೊಂದು ಹಿಡಿದು ತೋರಿಸಿದ. ಕೆಳಗಿನ ಮುಷ್ಟಿ ಕ್ರ್ಯಾಂಕಿನದು, ಸಣ್ಣ ಪುಲ್ಲಿ. ಮೇಲಿನದು ಪ್ರೊಪೆಲರಿನದು, ದೊಡ್ಡ ಪುಲ್ಲಿ, ಅದಕ್ಕೆ ತನ್ನದೇ ಶಾಫ್ಟು, ತನ್ನದೇ ಬೇರಿಂಗ್. ನಡುವೆ ಸುತ್ತು ಇಳಿಸುವ ಹಲ್ಲಿನ ಬೆಲ್ಟು. ಸಿಲಿಂಡರ್ ಒಂದೊಂದು ಸಲ ಸಿಡಿದಾಗಲೂ ಶಾಫ್ಟಿಗೆ ಒಂದು ಏಟು. ಆ ಏಟುಗಳ ತಾಳ ಪ್ರೊಪೆಲರಿನ ತೂಗಾಟಕ್ಕೆ ಕೂಡಿಕೊಂಡರೆ ಉಕ್ಕಿನ ಶಾಫ್ಟೂ ಮುರಿಯುತ್ತದೆ. ಕಾರಿನ ಎಂಜಿನ್ ವಿಮಾನಕ್ಕೆ ಹಾಕುವವರು ಹೆಚ್ಚು ಹೆದರುವುದು ಈ ತಿರುಚು ನಡುಕಕ್ಕೇ.

ತಿರುಗಿ ಹುಬ್ಬಳ್ಳಿ ಗಾಡಿ ಹತ್ತಿದಾಗ ಚರ್ಚೆಯ ಧಾಟಿಯೇ ಬದಲಾಗಿತ್ತು. ಹೋಗುವಾಗ ಅವನ ಚೀಲದಲ್ಲಿ ಇದ್ದುವೆಲ್ಲ ಚೂಪು ಮೂತಿಯ, ಓಡುವ ವಿಮಾನಗಳ ಚಿತ್ರ. ನಮ್ಮ ಹಿರಿಯರು ಎತ್ತಿನ ಕಸುವು ನೋಡಿ ರಂಟಿ ಹೂಡುತ್ತಿದ್ದರು, ರಂಟಿ ನೋಡಿ ಎತ್ತನ್ನು ಹೊಡೆಯುತ್ತಿರಲಿಲ್ಲ. ಆ ಬುದ್ಧಿಯಿಂದಲೇ ಒಂದೊಂದು ಚಿತ್ರವನ್ನೂ ಪಕ್ಕಕ್ಕಿಟ್ಟೆವು.

ಮೊದಲು ತೂಕ. ಎಂಜಿನ್ನಿನ ತೂಕವೆಂದರೆ ಬರೀ ಎಂಜಿನ್ನಿನದಲ್ಲ. ರೇಡಿಯೇಟರ್, ಅದರೊಳಗಿನ ನೀರು, ಪೈಪು, ಬೆಲ್ಟು, ಪುಲ್ಲಿ, ಸ್ಟಾರ್ಟರ್, ಬ್ಯಾಟರಿ, ಕೂರಿಸುವ ಚೌಕಟ್ಟು, ಎಲ್ಲ ಸೇರಿ ಒಂದೇ ತಕ್ಕಡಿಯಲ್ಲಿ ಏರಬೇಕು. ಇಡೀ ವಿಮಾನದ ಭಾರದ ನಡುಬಿಂದು ರೆಕ್ಕೆಯ ಅಗಲದ ಮುಂದಿನಿಂದ ಕಾಲುಪಾಲು ದಾಟಿದ ಜಾಗದ ಆಜುಬಾಜು ನಿಲ್ಲಬೇಕು. ಮೂತಿ ಭಾರವಾದರೆ ಇಳಿಯುವಾಗ ಮೂತಿ ಎತ್ತಲಾಗದು. ಬಾಲ ಭಾರವಾದರೆ ಇನ್ನೂ ಕಷ್ಟ, ವಿಮಾನ ಹತೋಟಿ ತಪ್ಪುತ್ತದೆ. ಆದ್ದರಿಂದ ಎಂಜಿನ್ನನ್ನು ನಾಲ್ಕಾರು ಇಂಚು ಹಿಂದೆ ಮುಂದೆ ಸರಿಸಲು ಎಡೆಯಿರುವ ವಿನ್ಯಾಸವೇ ಆಗಬೇಕು.

ಆಮೇಲೆ ನಮ್ಮ ಊರಿನ ಗಾಳಿ. ಹುಬ್ಬಳ್ಳಿ ಸೀಮೆ ಸಮುದ್ರಮಟ್ಟದಿಂದ ಎರಡು ಸಾವಿರ ಅಡಿ ಮೇಲಿದೆ. ಏಪ್ರಿಲ್ ಮಧ್ಯಾಹ್ನ 38 ಡಿಗ್ರಿ ಬಿಸಿಲಿದ್ದರೆ ಗಾಳಿ ತೆಳುವಾಗಿ, ಎಂಜಿನ್ನಿಗೂ ರೆಕ್ಕೆಗೂ ಐದು ಸಾವಿರ ಅಡಿ ಮೇಲಿದ್ದಂತೆ ಅನಿಸುತ್ತದೆ. 37 ಅಶ್ವಶಕ್ತಿಯಲ್ಲಿ ಕೈಗೆ ಉಳಿಯುವುದು 31ರ ಸುಮಾರು. ಇಬ್ಬರು ಕೂರುವ ವಿಮಾನದ ಆಸೆ ಅಲ್ಲಿಗೇ ಕೈಬಿಟ್ಟಿತು.

ಕೊನೆಗೆ ಎಲ್ಲಕ್ಕಿಂತ ದೊಡ್ಡ ಪ್ರಶ್ನೆ. ಎಂಜಿನ್ ನಡುಗಾಳಿಯಲ್ಲಿ ನಿಂತರೆ? ಕಾರಿನ ಎಂಜಿನ್ ಹಾಕಿದವನು ಇದನ್ನು 'ನಿಂತರೆ' ಎಂದಲ್ಲ, 'ನಿಂತಾಗ' ಎಂದೇ ಕೇಳಿಕೊಳ್ಳಬೇಕು. ನೆಲಕ್ಕೆ ತಗಲುವ ಏಟು ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಗಂಟೆಗೆ 60 ಕಿ.ಮೀ.ನಲ್ಲಿ ಇಳಿಯುವ ವಿಮಾನಕ್ಕಿಂತ 100ರಲ್ಲಿ ಇಳಿಯುವುದು ಸುಮಾರು ಮೂರು ಪಟ್ಟು ಏಟು ತಿನ್ನುತ್ತದೆ. ಕುಬಿಹಾಳದ ಸುತ್ತ ಹತ್ತಿ ಹೊಲವೇ ಹಾಸಿಗೆ. ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರುಕು, ಮಳೆಗಾಲದಲ್ಲಿ ಗಾಲಿಗೆ ಮೆತ್ತಿ ಬಿಡದ ಎರಿ ಮಣ್ಣು. ಸಣ್ಣ ಗಾಲಿಯ, ಓಡಿ ಇಳಿಯುವ ವಿಮಾನಕ್ಕೆ ಅದು ಗುಂಡಿ. ಅಗಲ ರೆಕ್ಕೆಯ, ದೊಡ್ಡ ಗಾಲಿಯ, ಮೆಲ್ಲಗೆ ಇಳಿಯುವ ವಿಮಾನಕ್ಕೆ ಅದೇ ಹೊಲ ಆಸರೆ.

ಹಾವೇರಿ ದಾಟುವ ಹೊತ್ತಿಗೆ ತೀರ್ಮಾನ ಹಾಳೆಗಿಳಿದಿತ್ತು. ಒಬ್ಬನೇ ಕೂರುವ, ತಲೆಯ ಮೇಲೆ ಅಗಲವಾದ ರೆಕ್ಕೆಯಿರುವ, ಕೊಳವೆ ಬಟ್ಟೆಯ ಮೈಯ ನಿಧಾನದ ವಿಮಾನ. ಆರಡಿಯ ಹತ್ತಿರದ ಪ್ರೊಪೆಲರ್. ಬೆಲ್ಟಿನಿಂದ ಸುತ್ತನ್ನು ಅರ್ಧಕ್ಕಿಂತ ಕೆಳಗೆ ಇಳಿಸುವುದು. ಪೀಟನ್‌ಪೋಲ್‌ನ ಮಾದರಿಗೆ ಹತ್ತಿರ, ಅದಕ್ಕಿಂತ ಹಗುರ. ಚಂದದಲ್ಲಿ ಅದು ರುಟಾನ್‌ನ ವಿಮಾನದ ಹತ್ತಿರಕ್ಕೂ ಬಾರದು. ಹುಡುಗನ ಮುಖದಲ್ಲಿ ಬೇಸರವೇನೂ ಕಾಣಲಿಲ್ಲ.

"ಪರ್ಮಿಶನ್ ಹೆಂಗೋ?" ಎಂದೆ. ವಿಮಾನಯಾನ ನಿಯಂತ್ರಿಸುವ ಡಿಜಿಸಿಎ ಒಪ್ಪದೆ ಯಾವ ವಿಮಾನವೂ ನೆಲ ಬಿಡುವಂತಿಲ್ಲ. ಮುಂಬಯಿಯಲ್ಲಿ ಮನೆಯ ತಾರಸಿಯ ಮೇಲೆ ವಿಮಾನ ಕಟ್ಟಿದ ಪೈಲಟ್ ಅಮೋಲ್ ಯಾದವ್ 2016ರಲ್ಲಿ ಅದನ್ನು ಜನರೆದುರು ಇಟ್ಟರೂ ಹಾರಲು ಅನುಮತಿ ಕೈಗೆ ಬಂದದ್ದು 2019ರಲ್ಲಿ.

"ಅದು ಆಮ್ಯಾಲಿನ ಮಾತು ಮಾಮಾ. ಮೊದಲ ಬೆಲ್ಟ್ ಕೂಡ್ರಿಸಿ, ಎಂಜಿನ್ನ ಕಬ್ಬಿಣದ ಚೌಕಟ್ಟಿಗೆ ಕಟ್ಟಿ, ಪ್ರೊಪೆಲರ್ ಹಾಕಿ ಹಿತ್ತಲದಾಗ ಓಡಸ್ತೀನ್ರಿ. ಏರಾಕ ಬೇಕಾದಷ್ಟು ಜೋರು, ತಾಸುಗಟ್ಲೆ. ಎಳೆತಾ ಎಷ್ಟ ಅಂತ ತಕ್ಕಡಿ ಹಚ್ಚಿ ನೋಡ್ತೀನಿ. ಅಲ್ಲಿ ತನಕಾ ರೆಕ್ಕಿಗೆ ಒಂದ ಕಟಗಿ ಕೊಯ್ಯಂಗಿಲ್ಲ."

ತಂಗಿಗೆ ಹುಳ ತೆಗೆಸಿಕೊಂಡು ಬಂದೆನೆಂದು ಹೇಳುವಂತಿಲ್ಲ. ಆದರೆ ಹುಳಕ್ಕೆ ಈಗ ಒಂದು ಸರತಿ ಗೊತ್ತಾಗಿದೆ: ಮೊದಲು ಎಂಜಿನ್, ನಂತರ ಬೆಲ್ಟು, ಆಮೇಲೆ ತೂಕದ ಚೀಟಿ, ಎಲ್ಲಕ್ಕೂ ಕೊನೆಗೆ ರೆಕ್ಕೆ. ಎಳೆತ ಅಳೆಯಲು ಅವನಿಗೆ ಹತ್ತಿ ತೂಗುವ ಕೊಕ್ಕೆಯ ತಕ್ಕಡಿ ಬೇಕಂತೆ. ಊರಲ್ಲಿ ಯಾರ ಹತ್ತಿರ ಇದೆಯೆಂದು ವಿಚಾರಿಸುವ ಕೆಲಸ ನನ್ನ ಪಾಲಿಗೆ ಬಂದಿದೆ.